ಗ್ರೇಡ್ ಒಂದು, ಸ್ಟೇಜ್ ನಾಲ್ಕು: ಲಿಂಫೋಮಾ ರಿಪೋರ್ಟಿನ ಸಂಖ್ಯೆಗಳನ್ನು ಓದುವುದು ಹೇಗೆ?

ಲಿಂಫೋಮಾ ಎಂಬ ರಕ್ತಕಣಗಳ ಕ್ಯಾನ್ಸರಿನ ರಿಪೋರ್ಟುಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ. ಬಯಾಪ್ಸಿಯ ಕಾಗದದಲ್ಲಿ ‘ಫಾಲಿಕ್ಯುಲರ್ ಲಿಂಫೋಮಾ, ಗ್ರೇಡ್ 1–2’ ಎಂದಿರುತ್ತದೆ. ಸ್ಕ್ಯಾನ್ ಆದ ಮೇಲೆ ಡಾಕ್ಟರ್ ಫೈಲಿನಲ್ಲಿ ‘ಸ್ಟೇಜ್ 4’ ಎಂದು ಬರೆಯುತ್ತಾರೆ. ಮನೆಯವರ ಕಣ್ಣು ಹೋಗುವುದು ಆ ನಾಲ್ಕರ ಮೇಲೆ. ಸ್ಟೇಜ್ ನಾಲ್ಕು ಅಂದರೆ ಕಥೆ ಮುಗೀತು ಅಂತ ನಮ್ಮ ಸಿನಿಮಾಗಳು ಕಲಿಸಿಬಿಟ್ಟಿವೆ. ಆದರೆ ಎದುರಿಗೆ ಕೂತ ಡಾಕ್ಟರಿಗೆ ಅವಸರವೇ ಇದ್ದ ಹಾಗಿಲ್ಲ. ‘ಈಗಲೇ ಔಷಧಿ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸಿಬಿಡುತ್ತಾರೆ. ವಾಪಸ್ ಬರುವ ದಾರಿಯಲ್ಲೇ ವಾದ ಶುರು: ಇವರಿಗೇನೂ ಗೊತ್ತಿಲ್ಲ, ನಾಳೆಯೇ ಬೇರೆ ಆಸ್ಪತ್ರೆಗೆ ಹೋಗೋಣ.

ಡಾಕ್ಟರಿಗೆ ಅವಸರವಿಲ್ಲದ್ದಕ್ಕೆ ಕಾರಣ ಇನ್ನೊಂದು ಸಂಖ್ಯೆ, ಅಂದರೆ ಗ್ರೇಡ್.

ಸ್ಟೇಜ್ ಹೇಳುವುದು ರೋಗ ಎಲ್ಲೆಲ್ಲಿ ಇದೆ ಎಂಬುದನ್ನು. ಕುತ್ತಿಗೆಯ ಒಂದೇ ಕಡೆಯೋ, ಕಂಕುಳು, ತೊಡೆಸಂದಿಗೂ ಬಂದಿದೆಯೋ, ಮೂಳೆಯ ಮಜ್ಜೆಗೂ ಇಳಿದಿದೆಯೋ ಅನ್ನುವ ಲೆಕ್ಕ ಅದು. 1971ರಲ್ಲಿ ಅಮೆರಿಕದ ಆನ್ ಆರ್ಬರ್ ಎಂಬ ಊರಲ್ಲಿ ಒಪ್ಪಿಕೊಂಡ ಪದ್ಧತಿ, ಸ್ವಲ್ಪ ತಿದ್ದುಪಡಿಯೊಂದಿಗೆ ಇವತ್ತಿಗೂ ನಡೆಯುತ್ತಿದೆ. ಗ್ರೇಡ್ ಹೇಳುವುದು ರೋಗದ ಸ್ವಭಾವವನ್ನು. ಸೂಕ್ಷ್ಮದರ್ಶಕದ ಕೆಳಗೆ ಆ ಜೀವಕೋಶಗಳು ಹೇಗೆ ಕಾಣುತ್ತವೆ, ಎಷ್ಟು ವೇಗದಲ್ಲಿ ಬೆಳೆಯುವ ಜಾತಿಯವು ಎಂಬುದು.

ಲಿಂಫೋಮಾದಲ್ಲಿ ಈ ವ್ಯತ್ಯಾಸ ಬೇರೆ ಕ್ಯಾನ್ಸರುಗಳಿಗಿಂತ ಜಾಸ್ತಿ ಮುಖ್ಯ. ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಮೈಯೆಲ್ಲ ಸುತ್ತುವುದೇ ಈ ಕಣಗಳ ಕೆಲಸ. ಜಠರದ ಕ್ಯಾನ್ಸರ್ ಲಿವರಿಗೆ ಹೋದರೆ ಅದು ಗಡಿ ದಾಟಿದೆ ಎಂದರ್ಥ. ಲಿಂಫೋಸೈಟಿಗೆ ಗಡಿ ಅಂತಲೇ ಇಲ್ಲ. ಅದಕ್ಕೇ ನಿಧಾನಗತಿಯ ಲಿಂಫೋಮಾ ಪತ್ತೆಯಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ಸ್ಟೇಜ್ 3 ಅಥವಾ 4 ಆಗಿಯೇ ಇರುತ್ತದೆ. ಹಾಗಿದ್ದೂ ಅವರು ಎಷ್ಟೋ ವರ್ಷ ತೋಟ, ಆಫೀಸು, ಮೊಮ್ಮಕ್ಕಳು ಅಂತ ಓಡಾಡಿಕೊಂಡಿರುತ್ತಾರೆ.

ಕೋಶ ನೋಡಿ ಆಯುಸ್ಸಿನ ಅಂದಾಜು ಮಾಡಬಹುದು ಎಂಬ ಮಾತಿಗೆ ಗಟ್ಟಿ ಆಧಾರ ಕೊಟ್ಟವರಲ್ಲಿ ಹೆನ್ರಿ ರಾಪಪೋರ್ಟ್ ಮುಖ್ಯರು. ವಾಷಿಂಗ್ಟನ್ನಿನ ಸೇನಾ ಪೆಥಾಲಜಿ ಸಂಸ್ಥೆಯಲ್ಲಿದ್ದ ಅವರು 1956ರಲ್ಲಿ 253 ರೋಗಿಗಳ ಸ್ಲೈಡುಗಳನ್ನು ಮತ್ತೆ ಪರೀಕ್ಷಿಸಿ ಒಂದು ಲೇಖನ ಪ್ರಕಟಿಸಿದರು. ಅವರು ಮುಂದಿಟ್ಟುಕೊಂಡ ಪ್ರಶ್ನೆಗಳು ಎರಡೇ. ಕ್ಯಾನ್ಸರ್ ಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ ಕೂತಿವೆಯೋ, ಇಡೀ ಲಿಂಫ್ ಗ್ರಂಥಿಯಲ್ಲಿ ಚೆಲ್ಲಾಡಿ ಹರಡಿವೆಯೋ? ಕೋಶಗಳು ಚಿಕ್ಕವೋ ದೊಡ್ಡವೋ? ಕೋಶಗಳು ಗುಂಪು ಗುಂಪಾಗಿದ್ದವರು ಹೆಚ್ಚು ಕಾಲ ಬದುಕುತ್ತಿದ್ದರು. ದೊಡ್ಡ ಕೋಶಗಳು ಹರಡಿಕೊಂಡಿದ್ದವರು ಬೇಗ ಹೋಗುತ್ತಿದ್ದರು.

ಇದರಲ್ಲಿ ಒಂದು ತಮಾಷೆಯಿದೆ. ಆಗ ಲಿಂಫೋಸೈಟುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಬಗೆಯಿವೆ ಎಂಬುದೇ ಗೊತ್ತಿರಲಿಲ್ಲ. ದೊಡ್ಡ ಕೋಶಗಳನ್ನು ಕಂಡು ರಾಪಪೋರ್ಟ್ ಅವು ಹಿಸ್ಟಿಯೋಸೈಟ್ ಎಂಬ ಬೇರೆಯೇ ಜಾತಿಯವು ಎಂದುಕೊಂಡರು. ಅದು ತಪ್ಪು. ಅವು ಹೆಚ್ಚಿನಂಶ ಬಿ ಲಿಂಫೋಸೈಟುಗಳೇ ಎಂದು ಆಮೇಲೆ ಗೊತ್ತಾಯಿತು. ಹೆಸರು ತಪ್ಪಿತ್ತು, ಆದರೆ ಯಾರು ಎಷ್ಟು ಕಾಲ ಬದುಕುತ್ತಾರೆ ಎಂಬ ಅಂದಾಜು ಸರಿಯಿತ್ತು. ಗ್ರೇಡ್ ಎಂಬ ಕಲ್ಪನೆ ಗಟ್ಟಿಯಾದದ್ದೇ ಹೀಗೆ.

1970ರ ದಶಕಕ್ಕೆ ಬರುವಷ್ಟರಲ್ಲಿ ಲಿಂಫೋಮಾಗಳನ್ನು ವಿಂಗಡಿಸಲು ಊರಿಗೊಂದು ಪದ್ಧತಿಯಾಗಿತ್ತು. ಅಮೆರಿಕದಲ್ಲಿ ಒಂದು ಹೆಸರು, ಜರ್ಮನಿಯ ಕೀಲ್‌ನಲ್ಲಿ ಇನ್ನೊಂದು, ಬ್ರಿಟನ್ನಿನಲ್ಲಿ ಮತ್ತೊಂದು. ಒಬ್ಬರ ಅಧ್ಯಯನ ಇನ್ನೊಬ್ಬರಿಗೆ ಅರ್ಥವಾಗದ ಸ್ಥಿತಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕೊನೆಗೆ ಎಲ್ಲರನ್ನೂ ಒಂದೆಡೆ ಸೇರಿಸಿತು. ನಾಲ್ಕು ಕಡೆಯ ಆಸ್ಪತ್ರೆಗಳಿಂದ 1175 ರೋಗಿಗಳ ಸ್ಲೈಡುಗಳನ್ನು ತರಿಸಿ, ಆರು ಪದ್ಧತಿಗಳಲ್ಲೂ ವಿಂಗಡಿಸಿ ನೋಡಿದರು. ಇದರಿಂದ 1982ರಲ್ಲಿ ‘ವರ್ಕಿಂಗ್ ಫಾರ್ಮುಲೇಶನ್’ ಹೊರಬಂತು. ಪದ್ಧತಿಗಳ ನಡುವೆ ದುಭಾಷಿಯಂತೆ ಇರಲಿ ಅಂತ ಮಾಡಿದ್ದು, ಕೊನೆಗೆ ಅದೇ ಒಂದು ಪದ್ಧತಿಯಾಗಿ ಕೂತುಬಿಟ್ಟಿತು.

ಅದರಲ್ಲಿ ಮೂರು ಮೆಟ್ಟಿಲುಗಳಿದ್ದವು, ಕಡಿಮೆ ಗ್ರೇಡ್, ಮಧ್ಯಮ ಗ್ರೇಡ್, ಹೆಚ್ಚು ಗ್ರೇಡ್. ಮೆಟ್ಟಿಲು ಕಟ್ಟಿದ್ದು ಬದುಕುಳಿದ ಲೆಕ್ಕದ ಮೇಲೆಯೇ. ಕಡಿಮೆ ಗ್ರೇಡಿನ ಬಗೆಗಳಲ್ಲಿ ಐದು ವರ್ಷದ ನಂತರ ಶೇ. 50ರಿಂದ 70 ಜನ ಬದುಕಿದ್ದರು. ಮಧ್ಯಮದಲ್ಲಿ ಶೇ. 33ರಿಂದ 45. ಹೆಚ್ಚು ಗ್ರೇಡಿನಲ್ಲಿ ಶೇ. 23ರಿಂದ 32. ಇವು ನಲವತ್ತು ವರ್ಷಕ್ಕೂ ಹಿಂದಿನ ಔಷಧಿಗಳ ಕಾಲದ ಸಂಖ್ಯೆಗಳು ಎಂಬುದು ನೆನಪಿರಲಿ. ಇಂದಿನ ರೋಗಿ ಇವನ್ನು ತನ್ನ ಲೆಕ್ಕ ಅಂತ ತೆಗೆದುಕೊಳ್ಳಬಾರದು.

ಇಲ್ಲಿಯವರೆಗೆ ವಿಷಯ ಸರಳವಾಗಿಯೇ ಇದೆ. ಗ್ರೇಡ್ ಕಡಿಮೆಯಿದ್ದರೆ ಒಳ್ಳೆಯದು, ಜಾಸ್ತಿಯಿದ್ದರೆ ಕೆಟ್ಟದ್ದು, ಅಲ್ವಾ? ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಐದು ವರ್ಷಕ್ಕೆ ನಿಲ್ಲಿಸದೆ, ಎಷ್ಟು ಜನ ಬದುಕಿದ್ದಾರೆ ಎಂದು ಇಪ್ಪತ್ತು ವರ್ಷ ಲೆಕ್ಕ ಹಾಕಿ ಒಂದು ಗೆರೆ ಎಳೆಯುತ್ತಾ ಹೋಗಿ. ಹೆಚ್ಚು ಗ್ರೇಡಿನವರ ಗೆರೆ ಮೊದಲ ಎರಡು ಮೂರು ವರ್ಷ ಕಡಿದಾಗಿ ಇಳಿಯುತ್ತದೆ. ಆಮೇಲೆ ಸಮತಟ್ಟಾಗುತ್ತದೆ. ಅಲ್ಲಿ ಉಳಿದವರಲ್ಲಿ ಹೆಚ್ಚಿನವರಿಗೆ ರೋಗ ಮತ್ತೆ ಬರುವುದಿಲ್ಲ. ಅವರು ಗುಣವಾದವರು. ಕಡಿಮೆ ಗ್ರೇಡಿನವರ ಗೆರೆ ಹಾಗಲ್ಲ. ಅದು ನಿಧಾನವಾಗಿ ಇಳಿಯುತ್ತದೆ, ಆದರೆ ಇಳಿಯುತ್ತಲೇ ಹೋಗುತ್ತದೆ. ಸ್ಟ್ಯಾನ್‌ಫರ್ಡಿನ ವೈದ್ಯರು 1960ರಿಂದ 1992ರವರೆಗಿನ ತಮ್ಮ ರೋಗಿಗಳ ಲೆಕ್ಕ ತೆಗೆದಾಗ ಕಂಡದ್ದು ಇದೇ. ಮೂವತ್ತು ವರ್ಷದಲ್ಲಿ ಔಷಧಿಗಳು ಬದಲಾದವು, ಗೆರೆ ಮಾತ್ರ ಬಹುತೇಕ ಇದ್ದಲ್ಲೇ ಇತ್ತು.

ಯಾಕೆ ಹೀಗೆ? ಹೊಲ ಮಾಡಿದವರಿಗೆ ಜೇಕಿನ ಕಾಟ ಗೊತ್ತಿರುತ್ತದೆ. ಮೇಲೆ ಕಾಣುವ ಹುಲ್ಲು ಕಿತ್ತರೂ ಅಷ್ಟೇ, ಔಷಧಿ ಹೊಡೆದರೂ ಅಷ್ಟೇ. ಮಣ್ಣೊಳಗಿನ ಗಡ್ಡೆ ಸುಮ್ನೆ ಮಲಗಿರುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಚಿಗುರು. ಬೇರೆ ಕೆಲವು ಕಳೆಗಳು ವಾರದಲ್ಲಿ ಮೊಣಕಾಲೆತ್ತರ ಬೆಳೆದು ಬೆಳೆಯನ್ನೇ ನುಂಗುತ್ತವೆ. ಆದರೆ ಬೀಜವಾಗುವ ಮೊದಲು ಕಿತ್ತರೆ ಹೋದ ಹಾಗೇ.

ಕೀಮೋ ಔಷಧಿಗಳಲ್ಲಿ ಹೆಚ್ಚಿನವು ಹೊಡೆಯುವುದು ಒಡೆದು ಎರಡಾಗುತ್ತಿರುವ ಕೋಶಗಳನ್ನು. ಬರ್ಕಿಟ್ ಲಿಂಫೋಮಾ ಇದರಲ್ಲಿ ಒಂದು ತುದಿ. ಡೆನಿಸ್ ಬರ್ಕಿಟ್ ಎಂಬ ಸರ್ಜನ್ ಉಗಾಂಡಾದ ಮಕ್ಕಳ ದವಡೆಗಳಲ್ಲಿ ಈ ಗೆಡ್ಡೆಗಳನ್ನು ಕಂಡು 1958ರಲ್ಲಿ ವಿವರಿಸಿದರು. ಇದು ಒಂದೆರಡು ದಿನದಲ್ಲೇ ಎರಡು ಪಟ್ಟಾಗಬಲ್ಲದು. ಬೆಳೆಯುತ್ತಿರುವ ಕೋಶಗಳನ್ನು ತೋರಿಸುವ ಕೆಐ-67 ಎಂಬ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಶೇ. 100 ಕೋಶಗಳೂ ಬಣ್ಣ ಹಿಡಿಯುತ್ತವೆ. ಬಿಟ್ಟರೆ ವಾರಗಳಲ್ಲಿ ಜೀವ ತೆಗೆಯುತ್ತದೆ. ಆದರೆ ಎಲ್ಲ ಕೋಶಗಳೂ ಒಡೆಯುತ್ತಿರುವುದರಿಂದಲೇ ಎಲ್ಲವೂ ಔಷಧಿಯ ಕೈಗೆ ಸಿಗುತ್ತವೆ. ತಕ್ಷಣ, ಗಟ್ಟಿಯಾಗಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ.

ನಿಧಾನಗತಿಯ ಬಗೆಯಾದ ಫಾಲಿಕ್ಯುಲರ್ ಲಿಂಫೋಮಾದ ಗುಟ್ಟೇ ಬೇರೆ. ಇದರ ಕೋಶಗಳು ಬೇಗ ಬೇಗ ಹುಟ್ಟುವುದಿಲ್ಲ, ಹೊತ್ತಿಗೆ ಸರಿಯಾಗಿ ಸಾಯುವುದಿಲ್ಲ ಅಷ್ಟೇ. ಸುಮಾರು ಶೇ. 85 ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ 14 ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುತ್ತವೆ. ಇದರಿಂದ ಬಿಸಿಎಲ್-2 ಎಂಬ ಪ್ರೋಟೀನು ಜಾಸ್ತಿ ತಯಾರಾಗುತ್ತದೆ. ಕೋಶ ಸಾಯದಂತೆ ತಡೆಯುವುದೇ ಆ ಪ್ರೋಟೀನಿನ ಕೆಲಸ. ಸಾಯಬೇಕಾದ ಕೋಶಗಳು ಸಾಯದೆ ಉಳಿದು, ವರ್ಷಗಳಲ್ಲಿ ಗಂಟಾಗುತ್ತವೆ. ಮಲಗಿರುವ ಕೋಶಕ್ಕೆ ಕೀಮೋ ಪೂರ್ತಿ ತಾಗುವುದಿಲ್ಲ.

ಇದು ಗೊತ್ತಾದರೆ ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂಬ ಮಾತೂ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಹರಡಿದ್ದರೂ ತೊಂದರೆ ಕೊಡದ ಕಡಿಮೆ ಗ್ರೇಡ್ ಲಿಂಫೋಮಾ ಇದ್ದ 309 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಪತ್ತೆಯಾದ ಕೂಡಲೇ ಕೀಮೋ ಮಾತ್ರೆ, ಇನ್ನೊಂದಕ್ಕೆ ತೊಂದರೆ ಶುರುವಾಗುವವರೆಗೆ ಬರೀ ನಿಗಾ. 2003ರಲ್ಲಿ ಫಲಿತಾಂಶ ಬಂತು. ಬದುಕಿದ ವರ್ಷಗಳಲ್ಲಿ ಎರಡೂ ಪಾಲಿಗೆ ವ್ಯತ್ಯಾಸವಿರಲಿಲ್ಲ. ಸ್ಟ್ಯಾನ್‌ಫರ್ಡಿನ 1984ರ ಇನ್ನೊಂದು ವರದಿ ಇನ್ನೂ ವಿಚಿತ್ರ. ಹೀಗೆ ಕಾದು ನೋಡಿದ 83 ಜನರಲ್ಲಿ 19 ಮಂದಿಯ ಗಂಟುಗಳು ಔಷಧಿಯಿಲ್ಲದೆ ತಾವಾಗಿಯೇ ಕರಗಿದ್ದವು. ಆದರೆ ಅದು ಶಾಶ್ವತವಾಗಿ ಹೋಯಿತು ಅಂತಲ್ಲ, ಎಷ್ಟೋ ಜನರಲ್ಲಿ ಮತ್ತೆ ಬಂತು. ಇಂಥ ಕಡೆ ಯಾವುದೋ ಕಷಾಯ ಕೊಟ್ಟವರಿಗೆ ಹೆಸರು ಬರುವುದು ಎಷ್ಟು ಸುಲಭ ನೋಡಿ.

ಗ್ರೇಡ್ ಕೈಕೊಟ್ಟ ಸಂದರ್ಭಗಳೂ ಇವೆ. ಮ್ಯಾಂಟಲ್ ಸೆಲ್ ಲಿಂಫೋಮಾದ ಕೋಶಗಳು ಚಿಕ್ಕವು, ಸಾಧುವಾಗಿ ಕಾಣುತ್ತವೆ. ಹಳೆಯ ಪದ್ಧತಿಗಳಲ್ಲಿ ಇದು ಯಾವ್ಯಾವುದೋ ಸಣ್ಣ ಕೋಶಗಳ ಗುಂಪಿನಲ್ಲಿ ಸೇರಿಹೋಗಿತ್ತು. ಬೇರೆ ಮಾಡಿ ನೋಡಿದಾಗ ಗೊತ್ತಾಯಿತು, ಆ ಕಾಲದಲ್ಲಿ ಇದರ ಅರ್ಧದಷ್ಟು ರೋಗಿಗಳು ಮೂರು ನಾಲ್ಕು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಹೆಚ್ಚು ಗ್ರೇಡಿನಂತೆ ಓಡುವುದು, ಕಡಿಮೆ ಗ್ರೇಡಿನಂತೆ ಗುಣವಾಗದೆ ಉಳಿಯುವುದು, ಎರಡೂ ಕೆಟ್ಟ ಗುಣ ಒಂದರಲ್ಲೇ. ಬಿ ಕೋಶದ ರೋಗ, ಟಿ ಕೋಶದ ರೋಗ ಎರಡನ್ನೂ ಒಂದೇ ಮೆಟ್ಟಿಲ ಮೇಲೆ ಕೂರಿಸಿದ್ದರಿಂದಲೂ ಲೆಕ್ಕ ತಪ್ಪುತ್ತಿತ್ತು.

ಹಾಗಾಗಿ 1994ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ರಮವನ್ನೇ ಬದಲಾಯಿಸಿದವು. ಮೊದಲು ಇದು ಯಾವ ರೋಗ ಎಂದು ಹೆಸರಿಡಿ. ಕೋಶದ ಮೂಲ, ಅದರ ಮೈಮೇಲಿನ ಪ್ರೋಟೀನುಗಳು, ಕ್ರೋಮೋಸೋಮಿನ ಬದಲಾವಣೆ ಎಲ್ಲ ನೋಡಿ. ಗ್ರೇಡ್ ಬೇಕಾದರೆ ಆ ರೋಗದ ಒಳಗೆ ಹಾಕಿ. ಡಾಕ್ಟರುಗಳು ಮಾತಿನಲ್ಲಿ ಈಗಲೂ ‘ಲೋ ಗ್ರೇಡ್’, ‘ಹೈ ಗ್ರೇಡ್’ ಎನ್ನುತ್ತಾರೆ. ಅದು ಸ್ವಭಾವದ ಬಗ್ಗೆ ಒಟ್ಟಾರೆ ಮಾತು. ರಿಪೋರ್ಟಿನ ‘ಗ್ರೇಡ್ 1–2’ ಫಾಲಿಕ್ಯುಲರ್ ಲಿಂಫೋಮಾದ ಒಳಗಿನ ಲೆಕ್ಕ. ಎರಡನ್ನೂ ಕಲಸಿದರೆ ತಲೆಕೆಡುತ್ತದೆ.

ಆ ಒಳಗಿನ ಲೆಕ್ಕ ಹೇಗೆ ಬರುತ್ತದೆ ಗೊತ್ತೇ? ಎಣಿಸಿ. ನಿಜವಾಗಿಯೂ ಕಣ್ಣಲ್ಲಿ ಎಣಿಸುವುದು. ಈ ರೋಗದಲ್ಲಿ ಎರಡು ಬಗೆಯ ಕೋಶಗಳಿರುತ್ತವೆ, ಚಿಕ್ಕ ಸೆಂಟ್ರೋಸೈಟ್ ಮತ್ತು ದೊಡ್ಡ ಸೆಂಟ್ರೋಬ್ಲಾಸ್ಟ್. ಪೆಥಾಲಜಿಸ್ಟ್ ದೊಡ್ಡ ಲೆನ್ಸ್ ಹಾಕಿ, ಬೇರೆ ಬೇರೆ ಹತ್ತು ಜಾಗಗಳಲ್ಲಿ ದೊಡ್ಡವನ್ನು ಎಣಿಸಿ ಸರಾಸರಿ ತೆಗೆಯುತ್ತಾರೆ. ಐದರವರೆಗೆ ಇದ್ದರೆ ಗ್ರೇಡ್ 1. ಆರರಿಂದ ಹದಿನೈದು ಗ್ರೇಡ್ 2. ಅದಕ್ಕಿಂತ ಜಾಸ್ತಿಯಾದರೆ 3. ಮೂರರಲ್ಲೂ ಚಿಕ್ಕ ಕೋಶಗಳು ಉಳಿದಿದ್ದರೆ 3ಎ, ಬರೀ ದೊಡ್ಡವೇ ಹಾಸಿಕೊಂಡಿದ್ದರೆ 3ಬಿ. ಐದಿದ್ದರೆ ಒಂದು, ಆರಿದ್ದರೆ ಎರಡು! ಒಂದೇ ಸ್ಲೈಡಿಗೆ ಇಬ್ಬರು ಅನುಭವಿಗಳು ಬೇರೆ ಬೇರೆ ಗ್ರೇಡ್ ಕೊಟ್ಟರೆ ಆಶ್ಚರ್ಯವೇನಿದೆ? 1 ಮತ್ತು 2ರ ನಡುವೆ ಬದುಕಿನ ಲೆಕ್ಕದಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ಅದಕ್ಕೇ 2008ರಿಂದ ಎರಡನ್ನೂ ಸೇರಿಸಿ ‘1–2’ ಎಂದು ಬರೆಯುವ ರೂಢಿ ಬಂತು. 3ಬಿ ಮಾತ್ರ ವೇಗದ ಲಿಂಫೋಮಾದಂತೆಯೇ ನಡೆದುಕೊಳ್ಳುತ್ತದೆ, ಚಿಕಿತ್ಸೆಯೂ ಹಾಗೇ.

ಈ ಎಣಿಕೆಗೆ ಇಡೀ ಗ್ರಂಥಿ ಬೇಕು. ನಮ್ಮಲ್ಲಿ ಕುತ್ತಿಗೆಯಲ್ಲಿ ಗಂಟು ಕಂಡರೆ ಮೊದಲ ಅನುಮಾನ ಟಿಬಿ. ತಪ್ಪಲ್ಲ, ಟಿಬಿ ನಮ್ಮ ದೇಶದಲ್ಲಿ ಅಷ್ಟು ಸಾಮಾನ್ಯ. ಸೂಜಿ ಚುಚ್ಚಿ ಸ್ವಲ್ಪ ಕೋಶ ಎಳೆದು ಪರೀಕ್ಷೆಗೆ ಕಳಿಸುತ್ತಾರೆ. ಟಿಬಿ ಹುಡುಕಲು ಅದು ಒಳ್ಳೆಯ ದಾರಿ. ಆದರೆ ಲಿಂಫೋಮಾದಲ್ಲಿ ಕೋಶಗಳು ಗುಂಪಾಗಿದ್ದವೋ ಹರಡಿದ್ದವೋ ಎಂಬುದು ಸೂಜಿಯಲ್ಲಿ ಬರುವುದಿಲ್ಲ. ಒಂದು ಹಿಡಿ ಭತ್ತ ನೋಡಿ, ಗದ್ದೆಯಲ್ಲಿ ನಾಟಿ ಸಾಲಾಗಿತ್ತೋ ಚೆಲ್ಲಾಪಿಲ್ಲಿಯಾಗಿತ್ತೋ ಹೇಳಲಾಗುತ್ತದೆಯೇ? ಟಿಬಿ ಮಾತ್ರೆ ನುಂಗುತ್ತಿದ್ದರೂ ಗಂಟು ಬೆಳೆಯುತ್ತಲೇ ಇದ್ದರೆ, ಗಂಟನ್ನೇ ತೆಗೆದು ಬಯಾಪ್ಸಿ ಮಾಡೋಣ ಅಂತ ಡಾಕ್ಟರ್ ಹೇಳುವುದು ಇದಕ್ಕೇ.

ನಮ್ಮಲ್ಲಿ ನಿಧಾನದ ಬಗೆಗಿಂತ ವೇಗದ ಬಗೆಯೇ ಜಾಸ್ತಿ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ 2000ದಲ್ಲಿ ಪ್ರಕಟಿಸಿದ 2773 ಲಿಂಫೋಮಾಗಳ ಅಧ್ಯಯನದಲ್ಲಿ, ವೇಗವಾಗಿ ಬೆಳೆಯುವ ದೊಡ್ಡ ಬಿ ಕೋಶದ ಬಗೆ ಮೂರನೇ ಒಂದರಷ್ಟಿತ್ತು. ಫಾಲಿಕ್ಯುಲರ್ ಸುಮಾರು ಎಂಟರಲ್ಲಿ ಒಂದು. ಎಂಟು ದೇಶಗಳಲ್ಲಿ ನಡೆದು 1997ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಫಾಲಿಕ್ಯುಲರ್ ಶೇ. 22 ಇತ್ತು.

ಅಂದಾಜು ಔಷಧಿಯ ಮೇಲೂ ನಿಂತಿದೆ. 1970ರ ದಶಕದಿಂದ ವೇಗದ ಲಿಂಫೋಮಾಕ್ಕೆ ‘ಚಾಪ್’ ಎಂಬ ನಾಲ್ಕು ಔಷಧಿಗಳ ಜೋಡಣೆ ಕೊಡುತ್ತಿದ್ದರು. 1997ರಲ್ಲಿ ರಿಟುಕ್ಸಿಮ್ಯಾಬ್ ಬಂತು. ಬಿ ಕೋಶದ ಮೈಮೇಲಿನ ಒಂದು ಗುರುತನ್ನು ಹುಡುಕಿ ಹಿಡಿಯುವ ಔಷಧಿ ಇದು. 60ರಿಂದ 80 ವಯಸ್ಸಿನ 399 ರೋಗಿಗಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಾಪ್ ಜೊತೆಗೆ ಇದನ್ನು ಸೇರಿಸಿದಾಗ ಎರಡು ವರ್ಷಕ್ಕೆ ಬದುಕಿದ್ದವರು ಶೇ. 57ರಿಂದ 70ಕ್ಕೆ ಏರಿದರು. ಗ್ರೇಡ್ ಅದೇ, ಕೋಶ ಅದೇ, ಗೆರೆ ಮಾತ್ರ ಮೇಲಕ್ಕೆ ಹೋಯಿತು. ಫಾಲಿಕ್ಯುಲರ್ ರೋಗಿಗಳ ಆಯುಸ್ಸೂ ಈ ಔಷಧಿ ಬಂದ ಮೇಲೆ ಹೆಚ್ಚಿತು.

ಇನ್ನು ಒಂದೇ ಹೆಸರು, ಒಂದೇ ಗ್ರೇಡ್ ಇರುವ ಇಬ್ಬರ ದಾರಿಯೂ ಒಂದೇ ಅಲ್ಲ. ವೇಗದ ಬಗೆಗೆ 1993ರಲ್ಲಿ ಒಂದು ಅಂಕಪಟ್ಟಿ ಬಂತು. ವಯಸ್ಸು 60 ದಾಟಿದೆಯೇ, ಸ್ಟೇಜ್ 3 ಅಥವಾ 4 ಇದೆಯೇ, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿದೆಯೇ, ರೋಗಿ ಎದ್ದು ಓಡಾಡಲಾಗದ ಸ್ಥಿತಿಯಲ್ಲಿದ್ದಾರೆಯೇ, ಗ್ರಂಥಿಯ ಹೊರಗೆ ಒಂದಕ್ಕಿಂತ ಹೆಚ್ಚು ಅಂಗಕ್ಕೆ ಹೋಗಿದೆಯೇ. ಐದು ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ. ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ಆ ಕಾಲದ ಔಷಧಿಯಲ್ಲಿ ಅತಿ ಕಡಿಮೆ ಅಂಕದವರಲ್ಲಿ ಶೇ. 73 ಜನ ಐದು ವರ್ಷ ದಾಟಿದ್ದರು, ಅತಿ ಹೆಚ್ಚಿನವರಲ್ಲಿ ಶೇ. 26 ಮಾತ್ರ. ಫಾಲಿಕ್ಯುಲರ್‌ಗೆ ಇಂಥದ್ದೇ ಪಟ್ಟಿ 2004ರಲ್ಲಿ ಬಂತು.

ಎಲ್ಲಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು 2015ರ ಒಂದು ಅಧ್ಯಯನ. ಫಾಲಿಕ್ಯುಲರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ರಿಟುಕ್ಸಿಮ್ಯಾಬ್ ಮತ್ತು ಚಾಪ್ ಸೇರಿಸಿ ಕೊಟ್ಟರೂ ಎರಡು ವರ್ಷದೊಳಗೆ ರೋಗ ಮತ್ತೆ ತಲೆಯೆತ್ತಿತ್ತು. ಅವರಲ್ಲಿ ಐದು ವರ್ಷಕ್ಕೆ ಉಳಿದವರು ಶೇ. 50. ಎರಡು ವರ್ಷದೊಳಗೆ ರೋಗ ಮರಳದವರಲ್ಲಿ ಶೇ. 90. ಮೊದಲ ದಿನದ ಸ್ಲೈಡಿಗಿಂತ ಎರಡು ವರ್ಷದ ನಡವಳಿಕೆಯೇ ಹೆಚ್ಚು ಹೇಳಿತು. ತೊಂದರೆ ಏನೆಂದರೆ, ಈ ಸಂಖ್ಯೆ ಮೊದಲ ದಿನ ಕೈಗೆ ಸಿಗುವುದಿಲ್ಲ.

‘ಐದು ವರ್ಷದ ಸರ್ವೈವಲ್ ಶೇ. 90’ ಎಂಬುದನ್ನು ‘ಇನ್ನು ಐದೇ ವರ್ಷ’ ಎಂದು ಓದಿಕೊಂಡು ಕೂತವರಿದ್ದಾರೆ. ಹಾಗಲ್ಲ. ನೂರು ಜನರಲ್ಲಿ ತೊಂಬತ್ತು ಜನ ಐದನೇ ವರ್ಷದ ಗೆರೆ ದಾಟಿದ್ದಾರೆ ಎಂದಷ್ಟೇ. ದಾಟಿದ ಮೇಲೆ ಎಷ್ಟು ದೂರ ಹೋದರು ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ ಬಂದಾಗ ಫಾಲಿಕ್ಯುಲರ್‌ನಲ್ಲಿ ಈ ಎಣಿಕೆ ಕಡ್ಡಾಯವಲ್ಲ ಎಂದಿತು. 3ಬಿಗೆ ಬೇರೆ ಹೆಸರನ್ನೇ ಕೊಟ್ಟಿತು. ಅದೇ ವರ್ಷ ತಜ್ಞರ ಇನ್ನೊಂದು ಗುಂಪು ತನ್ನದೇ ಪಟ್ಟಿ ತಂದು, ಗ್ರೇಡ್ ಇರಲಿ ಎಂದಿತು. ಹಾಗಾಗಿ ಒಂದು ಲ್ಯಾಬಿನ ರಿಪೋರ್ಟಿನಲ್ಲಿ ಗ್ರೇಡ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಯಾರೋ ಬರೆಯಲು ಮರೆತರು ಎಂದುಕೊಳ್ಳಬೇಕಿಲ್ಲ.

ಗ್ರೇಡ್ ಹುಟ್ಟಿದ ದಿನ ಬರೆದಿಟ್ಟ ಜಾತಕವೂ ಅಲ್ಲ. ಫಾಲಿಕ್ಯುಲರ್ ಲಿಂಫೋಮಾ ವರ್ಷಕ್ಕೆ ಸುಮಾರು ಶೇ. 2ರಿಂದ 3 ಜನರಲ್ಲಿ ಸ್ವಭಾವ ಬದಲಿಸಿ ವೇಗದ ಬಗೆಯಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಗಂಟು ಕೆಲವೇ ವಾರಗಳಲ್ಲಿ ಊದುತ್ತದೆ. ಕಾರಣವಿಲ್ಲದ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯುವುದು ಶುರುವಾಗಬಹುದು. ಎಲ್‌ಡಿಎಚ್ ಏರುತ್ತದೆ. ಆಗ ಡಾಕ್ಟರ್ ಹಳೆಯ ರಿಪೋರ್ಟ್ ಪಕ್ಕಕ್ಕಿಟ್ಟು ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾಗಿ ಉರಿಯುವ ಗಂಟು ಯಾವುದೋ ಅಲ್ಲಿಂದಲೇ ಹೊಸದಾಗಿ ಬಯಾಪ್ಸಿ ತೆಗೆಸುತ್ತಾರೆ.